ಓದಬೇಕಂತ ಇಟ್ಟೀನ್ರಿ

ಕಲಬುರಗಿಯಲ್ಲಿ ಬೇಸಿಗೆ ಬಂತೆಂದರೆ ನೀರಿಗೆ ಬರ, ಕರೆಂಟಿಗೆ ಬರ, ನೆರಳಿನ ಮಾತಂತೂ ಕೇಳಲೇಬೇಡಿ. ಪುಸ್ತಕಪ್ರೇಮಿಗಳಿಗೆ ಮಾತ್ರ ಈ ಊರಲ್ಲಿ ಯಾವತ್ತೂ ಬರ ಬಿದ್ದಿಲ್ಲ. ಓಣಿಗೊಂದು ಬಳಗ, ಬಳಗಕ್ಕೊಬ್ಬ ಅಧ್ಯಕ್ಷ, ಅಧ್ಯಕ್ಷರಿಗೊಂದು ಶಾಲು. ತಿಂಗಳಿಗೊಂದು ಭಾನುವಾರ ಎಲ್ಲರೂ ದುಂಡಗೆ ಕೂತು ಮೂರು ಪ್ರಶ್ನೆಗೆ ಉತ್ತರ ಕೊಡಬೇಕು. ಇತ್ತೀಚೆಗೆ ಏನು ಓದಿದಿರಿ? ಈಗ ಏನು ಓದುತ್ತಿದ್ದೀರಿ? ಮುಂದೆ ಏನು ಓದಬೇಕು ಅಂತಿದ್ದೀರಿ?

ಮೊದಲ ಪ್ರಶ್ನೆಗೆ ಸಭೆಗೆಲ್ಲ ಕೆಮ್ಮು ಬರುತ್ತದೆ. ಎರಡನೆಯದಕ್ಕೆ 'ನಡದದ್ರಿ, ನಡದದ' ಅನ್ನೋ ಒಂದೇ ಉತ್ತರ. ಮಗಳಿಗೆ ವರ ಹುಡುಕೋದರ ಬಗ್ಗೆ ಕೇಳಿದರೂ, ಒಳಚರಂಡಿ ಕಾಮಗಾರಿ ಬಗ್ಗೆ ಕೇಳಿದರೂ ಇವರು ಕೊಡೋ ಉತ್ತರ ಅದೇ. ಮೂರನೇ ಪ್ರಶ್ನೆ ಬರಲಿ ನೋಡಿ, ಸೊನ್ನ ಬ್ಯಾರೇಜಿನ ಗೇಟು ಎತ್ತಿದ ಹಾಗೆ. ರಷ್ಯಾದ ದಪ್ಪ ಕಾದಂಬರಿ, ಲ್ಯಾಟಿನ್ ಅಮೆರಿಕದ ಇನ್ನೂ ದಪ್ಪ ಕಾದಂಬರಿ, ವಚನ ಸಂಪುಟ, ಬಹಮನಿ ಚರಿತ್ರೆ, ಮೆದುಳಿನ ಬಗ್ಗೆ ಒಂದು, ಮೆದುಳು ಬಳಸೋದರ ಬಗ್ಗೆ ಇನ್ನೊಂದು. 'ಎಲ್ಲಾ ತಂದೀನ್ರಿ, ಓದಬೇಕಂತ ಇಟ್ಟೀನ್ರಿ.' ಎಲ್ಲಿ ಇಟ್ಟಿದ್ದಾರೆ ಅಂತಲೂ ಹೇಳುತ್ತಾರೆ. ಹೊಸ ಮನೆ ಕಟ್ಟಿಸುವಾಗ ಟಿವಿ ಪಕ್ಕದಲ್ಲಿ ಗಾಜಿನ ಕಪಾಟು ಮಾಡಿಸಿದ್ದಾರೆ. ಅದಕ್ಕೆ ಬೀಗ ಇದೆ. ಕೀಲಿ ಎಲ್ಲೋ ಇದೆ.

ನಮ್ಮ ಬಳಗದ ಹಿರಿಯರೊಬ್ಬರು ಒಂದೇ ಪುಸ್ತಕವನ್ನು ಬಹಳ ಕಾಲದಿಂದ 'ಈಗ ಓದುತ್ತಿರುವ' ಪಟ್ಟಿಯಲ್ಲಿ ಇಟ್ಟುಕೊಂಡಿದ್ದಾರೆ. ಗುರುತಿಗೆ ಪುಟದ ನಡುವೆ ಯಾರದೋ ಲಗ್ನಪತ್ರಿಕೆ. ಆ ಲಗ್ನದ ಮಗು ಈಗ ಎರಡನೇ ಕ್ಲಾಸು, ಮಗ್ಗಿ ಹೇಳುತ್ತದೆ. ಪತ್ರಿಕೆ ಮಾತ್ರ 46ನೇ ಪುಟ ಬಿಟ್ಟು ಕದಲಿಲ್ಲ. ಇನ್ನೊಬ್ಬರು ಬೆನ್ನುಡಿ ತಜ್ಞರು. ಪುಸ್ತಕದ ಬೆನ್ನು ಓದಿ ಇಪ್ಪತ್ತು ನಿಮಿಷ ಮಾತಾಡುತ್ತಾರೆ. ಮುನ್ನುಡಿಯೂ ಇದ್ದರೆ ಮುಕ್ಕಾಲು ತಾಸು. ಒಳಗಿನದನ್ನು ಅವರು ಮುಟ್ಟೋದಿಲ್ಲ. 'ವಿಮರ್ಶಕ ಪೂರ್ವಗ್ರಹ ಇಟ್ಕೋಬಾರ್ದು ನೋಡ್ರಿ' ಅಂತ ಕಾರಣವನ್ನೂ ಕೊಡುತ್ತಾರೆ.

ಒಮ್ಮೆ ಒಂದು ಅನಾಹುತ ಆಯಿತು. ಹೊಸದಾಗಿ ಸೇರಿದ ಹೆಣ್ಣುಮಗಳೊಬ್ಬರು ಪುಸ್ತಕವನ್ನು ನಿಜಕ್ಕೂ ಓದಿಕೊಂಡು ಬಂದುಬಿಟ್ಟರು. ಅದೂ ಪೂರ್ತಿ. ಮೂರನೇ ಅಧ್ಯಾಯದಲ್ಲಿ ಬರುವ ಮುದುಕಿ ಕೊನೆಗೆ ಹೊಲ ಮಾರಿದ್ದು ಸರಿಯೋ ತಪ್ಪೋ ಅಂತ ಸಭೆಗೆ ಕೇಳಿದರು. ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅಧ್ಯಕ್ಷರು ಗಡಿಯಾರ ನೋಡಿದರು. ಕೊನೆಗೆ ಒಬ್ಬರು ಗದ್ಗದ ದನಿಯಲ್ಲಿ, 'ಹೊಲ ಮಾರ್ತಾಳಂತ ಹೇಳೇ ಬಿಟ್ರಿ, ಇನ್ನ ನಾವು ಓದೋದೇನ್ ಉಳೀತ್ರಿ?' ಅಂದರು. ಗದ್ಗದ ದುಃಖದ್ದಲ್ಲ. ಆ ಪುಸ್ತಕ ಎಲ್ಲರ 'ಓದಬೇಕಾದ' ಪಟ್ಟಿಯಲ್ಲಿತ್ತು. ಅಲ್ಲೇ ಪೆನ್ನು ತೆಗೆದು ಎಲ್ಲರೂ ಅದನ್ನು 'ಓದಿದ' ಪಟ್ಟಿಗೆ ವರ್ಗಾಯಿಸಿಕೊಂಡರು. ಆ ಹೆಣ್ಣುಮಗಳಿಗೆ ಈಗ ಭಾಳ ಬೇಡಿಕೆ. ತಿಂಗಳಿಗೊಂದು ಪುಸ್ತಕ ಓದಿ ಬಂದು ಕೊನೆ ಹೇಳಿಬಿಡಿ ಅಂತ ಸದಸ್ಯರು ಮನೆಗೇ ಹೋಗಿ ಕೇಳುತ್ತಾರೆ.

ಓದಲು ಸಮಯ ಇಲ್ಲ ಅನ್ನೋದು ಎಲ್ಲರ ದೂರು. ಕಾಲ ಇವರ ಬಗ್ಗೆ ತೋರಿಸಿದಷ್ಟು ಕರುಣೆ ಬೇರೆ ಯಾವ ಊರಿನ ಓದುಗರಿಗೂ ತೋರಿಸಿಲ್ಲ. 2020ರ ಫೆಬ್ರವರಿ 5ರಿಂದ 7ರವರೆಗೆ ಇಲ್ಲೇ, ಗುಲಬರ್ಗಾ ವಿಶ್ವವಿದ್ಯಾಲಯದ ಆವರಣದಲ್ಲಿ 85ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಬಳಗದವರು ಪುಸ್ತಕ ಮಳಿಗೆಗಳಿಗೆ ನುಗ್ಗಿ, ರಿಯಾಯಿತಿ ಕೇಳಿ, ಕೊಟ್ಟ ರಿಯಾಯಿತಿ ಸಾಲದು ಅಂತ ಜಗಳ ಮಾಡಿ, ಚೀಲಗಟ್ಟಲೆ ಹೊತ್ತು ತಂದರು. ಮರುತಿಂಗಳು ಇಡೀ ದೇಶಕ್ಕೆ ಬೀಗ ಬಿತ್ತು. ಆಫೀಸಿಲ್ಲ, ಮದುವೆ ಇಲ್ಲ, ಜಾತ್ರೆ ಇಲ್ಲ, ನೆಂಟರು ಬರೋ ಹಾಗಿಲ್ಲ. ಮನೆಯಲ್ಲಿ ನೀವು, ನಿಮ್ಮ ಚೀಲ. ಇದಕ್ಕಿಂತ ಜಾಸ್ತಿ ಸಮಯ ಯಾರು ಕೊಡಬೇಕು? ಆ ಚೀಲಗಳ ಗಂಟು ಇನ್ನೂ ಬಿಚ್ಚಿಲ್ಲ. ಕಾರಣ ಕೇಳಿದರೆ, 'ಆ ಟೈಮಿನಾಗ ಮನಸ್ಸೇ ಇರ್ಲಿಲ್ರಿ' ಅನ್ನುತ್ತಾರೆ. ಮೊದಲು ಸಮಯ ಇರಲಿಲ್ಲ, ಆಮೇಲೆ ಮನಸ್ಸು ಇರಲಿಲ್ಲ, ಈಗ ಕನ್ನಡಕದ ನಂಬರ್ ಬದಲಾಗಿದೆ.

ಅದಕ್ಕೇ ಬಳಗ ಒಂದು ಉಪಾಯ ಹೂಡಿತು. ಬೀದರ್‌ಗೆ ರೈಲಿನಲ್ಲಿ ಹೋಗೋದು, ದಾರಿಯುದ್ದಕ್ಕೂ ಓದೋದು. 2017ರಲ್ಲಿ ಶುರುವಾದ ಕಲಬುರಗಿ–ಬೀದರ್ ಮಾರ್ಗ 110 ಕಿಲೋಮೀಟರ್. ಮನಸ್ಸು ಮಾಡಿದರೆ ಒಂದು ಸಣ್ಣ ಕಾದಂಬರಿ ಮುಗಿಯುತ್ತದೆ. ಎಲ್ಲರೂ ಒಂದೊಂದು ಪುಸ್ತಕ ಎದೆಗೆ ಹಿಡಿದು ಪ್ಲಾಟ್‌ಫಾರ್ಮಿನಲ್ಲಿ ಫೋಟೋ ತೆಗೆಸಿಕೊಂಡರು. ಕಿಟಕಿ ಪಕ್ಕ ಕೂತು, ಹೊರಗೆ ನೋಡುತ್ತಾ, ಪುಸ್ತಕ ತೊಡೆ ಮೇಲೆ ಇಟ್ಟುಕೊಂಡು ಇನ್ನೊಂದು ಫೋಟೋ. ಸುಸಲಾ ಡಬ್ಬಿ ಬಿಚ್ಚಿದರು. ಎಣ್ಣೆ ಕೈಯಲ್ಲಿ ಪುಸ್ತಕ ಮುಟ್ಟಬಾರದು ಅನ್ನೋದು ಸಂಸ್ಕಾರ. ಕೈ ತೊಳೆದು ಬರುವಷ್ಟರಲ್ಲಿ ಯಾರೋ ಕಮಲಾಪುರದ ಕೆಂಪು ಬಾಳೆಹಣ್ಣಿನ ಮಾತು ತೆಗೆದರು. ಅದಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ಇದೆ, ಗೊತ್ತಲ್ಲ. ಆ ಹೆಮ್ಮೆಯಲ್ಲಿ ಸ್ವಲ್ಪ ದೂರ ಹೋಯಿತು. ಒಬ್ಬರು ಮಾತ್ರ ಛಲ ಬಿಡದೆ ಪುಸ್ತಕ ತೆಗೆದರು. ಮೊದಲ ಸಾಲು ಮುಗಿಯುವ ಮೊದಲೇ ರೈಲು ಮರಗುತ್ತಿಯ ಸುರಂಗದೊಳಗೆ ಹೊಕ್ಕಿತು. 'ನೋಡ್ರಿ, ನಾವ್ ಓದ್ತೀವಂದ್ರೂ ರೈಲ್ವೆಯವ್ರು ಬಿಡಂಗಿಲ್ಲ' ಅಂತ ಪುಸ್ತಕ ಮುಚ್ಚಿದರು. ಸುರಂಗ ದಾಟಿದ ಮೇಲೂ ಅದು ಮುಚ್ಚಿಯೇ ಇತ್ತು.

ಬೀದರ್‌ನಲ್ಲಿ ಮಹಮೂದ್ ಗವಾನನ ಮದರಸಾ ನೋಡಿದರು. 1472ರ ಕಟ್ಟಡ, ಮೂರಂತಸ್ತು, ಒಂದೇ ಒಂದು ಮಿನಾರು ಉಳಿದಿದೆ. ಇಲ್ಲಿನ ಗ್ರಂಥಾಲಯದಲ್ಲಿ 3000 ಪುಸ್ತಕ ಇದ್ದವು ಅಂತ ಹೇಳುತ್ತಾರೆ. ಪರ್ಷಿಯಾದ ಗಿಲಾನಿನಿಂದ ಬಂದ ಈ ಬಹಮನಿ ಮಂತ್ರಿಯ ಕೊನೆ ಕೇಳಬೇಕು ನೀವು. ಅವನ ಮೊಹರು ಒತ್ತಿದ ಖಾಲಿ ಹಾಳೆ ಸಂಪಾದಿಸಿ, ಅದರ ಮೇಲೆ ರಾಜದ್ರೋಹದ ಪತ್ರ ಬರೆದು ಶತ್ರುಗಳು ಸುಲ್ತಾನನಿಗೆ ತೋರಿಸಿದರು. ಸುಲ್ತಾನ ವಿಚಾರಣೆಗೆ ಹೋಗಲಿಲ್ಲ, ತಲೆ ತೆಗೆಸಿದ. ಅದು 1481. ಮೂರು ಸಾವಿರ ಪುಸ್ತಕ ಕೂಡಿಸಿದವನನ್ನು ಕೊಲ್ಲಲು ಒಂದೇ ಒಂದು ಖೊಟ್ಟಿ ಫಾರ್ವರ್ಡ್ ಸಾಕಾಯಿತು. 1696ರಲ್ಲಿ ಮದ್ದು ಸಿಡಿದು ಕಟ್ಟಡವೂ ಅರ್ಧ ಹೋಯಿತು. ಗೈಡು ಇದನ್ನೆಲ್ಲ ಹೇಳಿ ಮುಗಿಸಿದಾಗ ಬಳಗದವರೊಬ್ಬರು ನಿಟ್ಟುಸಿರು ಬಿಟ್ಟು ಹೇಳಿದರು: 'ಇರ್ಲಿ ಬಿಡ್ರಿ, ಇದ್ದಿದ್ರ ಅವನ್ನೂ ಓದಬೇಕಾಗ್ತಿತ್ತು.'

ಬಳಗದ ಬೈಠಕ್ಕಿಗೆ ಮುಖ್ಯ ಅತಿಥಿ ಬಂದರೆ ಮಳಖೇಡ ಬಂದೇ ಬರುತ್ತದೆ. ಕಾಗಿಣಾ ದಂಡೆಯ ನಮ್ಮ ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೇ ಶತಮಾನದಲ್ಲಿ ಕವಿರಾಜಮಾರ್ಗ ಹುಟ್ಟಿದ್ದು ಅಲ್ಲಿ, ನೃಪತುಂಗನ ಆಸ್ಥಾನದಲ್ಲಿ. ಈ ನಾಡಿನ ಜನ ಕುರಿತು ಓದದೆಯೂ ಕಾವ್ಯಪ್ರಯೋಗದಲ್ಲಿ ಪರಿಣತರು ಅಂತ ಅದರಲ್ಲಿ ಹೇಳಿದೆ. ಕವಿ ಹೊಗಳಿದ್ದು ಜನರ ನಾಲಗೆಯನ್ನು, ಕಿವಿಯನ್ನು. ನಮ್ಮ ಅತಿಥಿಗಳು ಮಾತ್ರ ಅದನ್ನು ಓದದಿರಲು ಕೊಟ್ಟ ಪರ್ಮಿಟ್ ಅಂತ ತಿಳಿದಿದ್ದಾರೆ. ಸಾವಿರದ ಇನ್ನೂರು ವರ್ಷದ ಹಿಂದೆಯೇ ವಿನಾಯಿತಿ ಸಿಕ್ಕಿದೆಯಲ್ಲ, ಇನ್ನು ಕಷ್ಟ ಯಾಕೆ?

ಇತ್ತ ಸರ್ಕಾರವೂ ಸುಮ್ನೆ ಕೂತಿಲ್ಲ. ಸರ್ಕಾರಿ ಸಭೆ ಸಮಾರಂಭಗಳಲ್ಲಿ ಹಾರ ತುರಾಯಿ ಬೇಡ, ಕನ್ನಡ ಪುಸ್ತಕ ಕೊಡಿ ಅಂತ 2021ರಲ್ಲಿ ಆದೇಶ ಬಂತು. 2023ರಲ್ಲಿ ಹೊಸ ಮುಖ್ಯಮಂತ್ರಿ ಬಂದಾಗ ಅವರೂ ಹೂವು ಶಾಲು ಬೇಡ, ಪುಸ್ತಕ ಕೊಡಿ ಅಂದರು. ಒಳ್ಳೆಯ ಮಾತು. ಆದರೆ ಹಾರಕ್ಕೆ ಒಂದು ಸೌಲಭ್ಯ ಇತ್ತು, ಸಂಜೆ ಹೊತ್ತಿಗೆ ಬಾಡಿ ಹೋಗುತ್ತಿತ್ತು. ಪುಸ್ತಕ ಬಾಡೋದಿಲ್ಲ. ಸಾಹೇಬರ ಕೈಯಿಂದ ಪಿಎ ಕೈಗೆ, ಪಿಎ ಕೈಯಿಂದ ಕಾರಿನ ಹಿಂದಿನ ಸೀಟಿಗೆ. ಎಸ್.ಎಂ. ಪಂಡಿತ ರಂಗಮಂದಿರದ ಹೊರಗೆ ಸಾಲಾಗಿ ನಿಂತ ಕಾರುಗಳನ್ನು ಇಣುಕಿ ನೋಡಿ. ಒಳಗೆ ಭಾಷಣ ನಡೆದಿರುವಾಗ ಹೊರಗೆ ಒಬ್ಬ ಡ್ರೈವರ್ ಸೀಟು ಹಿಂದಕ್ಕೆ ಬಾಗಿಸಿ ಕೂತು ಓದುತ್ತಿದ್ದ. ಹೇಗಿದೆ ಅಂತ ಕೇಳಿದೆ. 'ಚೊಲೊ ಅದರಿ. ಇದರ ಎರಡನೇ ಭಾಗ ಯಾವ ಫಂಕ್ಷನ್ನಾಗ ಕೊಡ್ತಾರಂತ ಗೊತ್ತದೇನ್ರಿ?' ಅಂದ. ಬಳಗಕ್ಕೆ ಇವನನ್ನು ಸೇರಿಸಿಕೊಳ್ಳೋಣ ಅಂತ ಪ್ರಸ್ತಾಪ ಇಟ್ಟೆ. ಈಗಾಗಲೇ ಒಬ್ಬರು ಓದುವವರು ಇದ್ದಾರಲ್ಲ ಅಂತ ತಳ್ಳಿಹಾಕಿದರು.

ನಾವೆಲ್ಲ ಗ್ರಂಥಾಲಯಕ್ಕೆ ದುಡ್ಡು ಕೊಟ್ಟವರೇ. 1965ರ ಕಾಯ್ದೆಯಿಂದಾಗಿ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ 6 ರೂಪಾಯಿ ಗ್ರಂಥಾಲಯ ಕರ ಇದೆ. ಗಾಜಿನ ಕಪಾಟಿನ ಮನೆಯವರೂ ಅದನ್ನು ಕಟ್ಟುತ್ತಾರೆ, ರಸೀದಿಯನ್ನೂ ಜೋಪಾನ ಇಡುತ್ತಾರೆ. ಗ್ರಂಥಾಲಯದ ಬಾಗಿಲು ಯಾವ ದಿಕ್ಕಿಗಿದೆ ಅಂತ ಮಾತ್ರ ಕೇಳಬೇಡಿ. ಅಲ್ಲಿ ಕೂತಿರೋರು ಹುಡುಗರು, ಹುಡುಗಿಯರು. 43 ಡಿಗ್ರಿ ಬಿಸಿಲಲ್ಲಿ ನೀರಿನ ಬಾಟಲಿ, ರೊಟ್ಟಿ ಡಬ್ಬಿ ಹಿಡಿದು ಬೆಳಿಗ್ಗೆ ಬಂದರೆ ಸಂಜೆಯೇ ಏಳೋದು. ಬಳಗದವರು ಇವರನ್ನು ನೋಡಿದ್ದಾರೆ. 'ಅದು ಓದಲ್ಲ ಬಿಡ್ರಿ, ಪರೀಕ್ಷೆಗೆ ಓದೋದು' ಅಂತಾರೆ. ಅದೇ ಬಾಯಲ್ಲಿ ಈಗಿನ ಯುವಕರು ಓದೋದೇ ಇಲ್ಲ ಅಂತ ಗೊತ್ತುವಳಿ ಪಾಸು ಮಾಡುತ್ತಾರೆ. ಒಮ್ಮೆ ಪಿಎಸ್‌ಐ ಪರೀಕ್ಷೆಗೆ ಕೂತ ಹುಡುಗನೊಬ್ಬನನ್ನು ಕರೆದು ಮೂರು ಪ್ರಶ್ನೆ ಕೇಳಿದರು. ಓದಿದ್ದು ಭೂಗೋಳ ಅಂದ. ಓದುತ್ತಿರೋದು ಸಂವಿಧಾನ, ನಮ್ಮ ಭಾಗಕ್ಕ ವಿಶೇಷ ಸ್ಥಾನ ಕೊಟ್ಟ 371ಜೆ ಹತ್ತಿರ ಬಂದೀನಿ ಅಂದ. ಮುಂದೇನು ಓದಬೇಕು ಅಂತೀ? 'ನೋಟಿಫಿಕೇಶನ್ ಬಿಟ್ರ ಅದನ್ನ ಓದಬೇಕ್ರಿ.' ಸಭೆಯಲ್ಲಿ ಯಾರೂ ನಗಲಿಲ್ಲ. ಅವನಿಗೆ ಒಂದು ಪುಸ್ತಕ ಕೊಟ್ಟು ಸನ್ಮಾನ ಮಾಡಿ ಕಳಿಸಿದರು, ಸಮ್ಮೇಳನದ ಚೀಲದ್ದೇ.

ಈಗ ಬಳಗ ಒಂದು ಹೆಜ್ಜೆ ಮುಂದೆ ಹೋಗಿದೆ. ಸದಸ್ಯರೆಲ್ಲರ 'ಓದಬೇಕಾದ' ಪಟ್ಟಿಗಳನ್ನು ಒಟ್ಟು ಮಾಡಿ ದಪ್ಪನೆಯ ಪುಸ್ತಕ ಮಾಡಿಸಿದ್ದಾರೆ. ಬೆನ್ನುಡಿ ತಜ್ಞರೇ ಬೆನ್ನುಡಿ ಬರೆದಿದ್ದಾರೆ, ಒಳಗೆ ನೋಡದೆ. ಮುನ್ನುಡಿಗೆ ಹಸ್ತಪ್ರತಿ ಹೋದ ಹಿರಿಯರು ಅದನ್ನು ಓದಬೇಕಂತ ಇಟ್ಟಿದ್ದಾರಂತೆ. ಬಿಡುಗಡೆಗೆ ಅದು ತಡೆ ಅಲ್ಲ. ಆಮಂತ್ರಣ ಪತ್ರಿಕೆ ನಿನ್ನೆ ಮನೆಗೆ ಬಂತು. ಉದ್ಘಾಟಕರು, ಅಧ್ಯಕ್ಷರು, ಸಾನ್ನಿಧ್ಯ, ಘನ ಉಪಸ್ಥಿತಿ, ಆಶಯ ನುಡಿ, ಎಲ್ಲ ಸೇರಿ ವೇದಿಕೆಯಲ್ಲಿ ಕೂರುವವರೇ ಸಭಿಕರಿಗಿಂತ ಜಾಸ್ತಿ. ಮಧ್ಯಾಹ್ನ ತಹರಿ ಊಟ ಇದೆ. ಕೆಳಗೆ ಸಣ್ಣ ಅಕ್ಷರದಲ್ಲಿ ವಿನಂತಿ: ದಯವಿಟ್ಟು ಯಾರೂ ಪುಸ್ತಕ ಕಾಣಿಕೆ ತರಬಾರದು, ಇಡಲು ಜಾಗ ಇಲ್ಲ. ಹಾರ ನಡೆಯುತ್ತದೆ.