ಕಲಬುರಗಿ ಬೇಳೆ ಕಡಲು ದಾಟಬೇಕಾ?

ದಿಲ್ಲಿಯ ಆದೇಶ, ಆಫ್ರಿಕಾದ ಫಸಲು, ಡಾಲರ್ ದರ. ಈ ಮೂರೂ ನಮ್ಮ ಕೈಯಲ್ಲಿಲ್ಲ, ಆದರೆ ನಮ್ಮ ತೊಗರಿಯ ಭಾವ, ಅಂದರೆ ಬೆಲೆ, ನಿಂತಿರುವುದೇ ಇವುಗಳ ಮೇಲೆ. ಹೀಗಿರುವಾಗ ಕಲಬುರಗಿಯ ದಾಲ್ ಮಿಲ್‌ಗಳು ವಿದೇಶದ ಮಾರುಕಟ್ಟೆಗೆ ಕೈ ಹಾಕಬೇಕಾ, ಬೇಡವಾ?

ಪರ: ಮನೆಯಲ್ಲಿ ಕೂತರೂ ಪೆಟ್ಟು ತಪ್ಪಿಲ್ಲ

ಎಕ್ಸ್‌ಪೋರ್ಟ್ ಯಾಕೆ ಮಾಡಲ್ಲ ಅಂತ ನಮ್ಮ ಕಾಳಿನ ಮಾರುಕಟ್ಟೆ ಗಂಜ್‌ನಲ್ಲಿ ಯಾವ ಮಿಲ್ ಮಾಲೀಕರನ್ನು ಕೇಳಿದರೂ ಉತ್ತರ ಒಂದೇ. "ಅದೆಲ್ಲ ರಿಸ್ಕ್ ಅದ್ರಿ, ಇಲ್ಲೇ ಛಲೋ ಅದ." ನಿಜವಾಗಲೂ ಇಲ್ಲಿ ಅಷ್ಟು ಛಲೋ ಇದೆಯಾ?

2015ರ ಅಕ್ಟೋಬರ್‌ನಲ್ಲಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತು. ಆ ರೇಟ್ ನೋಡಿ ಮುಂದಿನ ವರ್ಷ ರೈತರು ಎಲ್ಲ ಕಡೆ ತೊಗರಿಯನ್ನೇ ಬಿತ್ತಿದರು. ಮಳೆಯೂ ಕೈ ಹಿಡಿಯಿತು. 2017ರ ಆರಂಭದಲ್ಲಿ ತೊಗರಿ ಕ್ವಿಂಟಲ್‌ಗೆ 5,050 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗೆ ಬಿತ್ತು. ಮೊದಲು ಜಾಸ್ತಿ ಬೆಲೆಗೆ ಮಾಲು ತುಂಬಿಟ್ಟವರು ಮುಳುಗಿದರು. 2021ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ತೊಗರಿ ಆಮದನ್ನು ಮುಕ್ತ ಮಾಡಿತು. 2023ರ ಜೂನ್‌ನಲ್ಲಿ ದಾಸ್ತಾನಿಗೆ ಮಿತಿ ಹಾಕಿತು. ಸಗಟು ವ್ಯಾಪಾರಿಗೆ 200 ಟನ್, ಚಿಲ್ಲರೆ ಅಂಗಡಿಗೆ 5 ಟನ್, ಮಿಲ್‌ಗೂ ಒಂದು ಲೆಕ್ಕ. 2024ರಲ್ಲಿ ತೊಗರಿ ಕ್ವಿಂಟಲ್‌ಗೆ ಹತ್ತು ಸಾವಿರ ದಾಟಿತು. 2025ರ ಹೊಸ ಮಾಲು ಬರುವ ಹೊತ್ತಿಗೆ ಮತ್ತೆ 7,550ರ ಬೆಂಬಲ ಬೆಲೆಯ ಕೆಳಗಿತ್ತು.

ಇದರಲ್ಲಿ ಒಂದಾದರೂ ನಮ್ಮ ಮಿಲ್ ಮಾಲೀಕ ತಗೊಂಡ ನಿರ್ಧಾರವಾ? ಹೊರಗೆ ಹೋಗದೆಯೇ ಇಷ್ಟು ಪೆಟ್ಟು ತಿಂದಿದ್ದೇವೆ. ಒಂದೇ ಮಾರುಕಟ್ಟೆಯನ್ನು ನಂಬಿ ಕೂರುವುದನ್ನು ಸೇಫ್ ಅಂತ ಹೇಗೆ ಕರೆಯುವುದು? ಮಾಲಿನಲ್ಲಿ ಹತ್ತನೇ ಒಂದು ಪಾಲು ಹೊರಗಡೆ ಹೋಗುತ್ತಿದ್ದರೂ ಸಾಕು, ಇಲ್ಲಿ ಭಾವ ಬಿದ್ದಾಗ ಅಲ್ಲಿನ ಆರ್ಡರ್ ಮಿಲ್ ಓಡಿಸುತ್ತದೆ. ಡಾಲರ್ ಲೆಕ್ಕವೂ ಇದೆ. 2014ರಲ್ಲಿ 60 ರೂಪಾಯಿ ಆಸುಪಾಸಿನಲ್ಲಿದ್ದ ಡಾಲರ್ 2024ರ ಕೊನೆಯಲ್ಲಿ 85 ದಾಟಿತು. ರೂಪಾಯಿ ಇಳಿದರೆ ಆಮದು ಮಾಡುವವನಿಗೆ ನಷ್ಟ, ಕಳಿಸುವವನಿಗೆ ಲಾಭ. ನಾವು ಮಾತ್ರ ಆ ಲಾಭದ ಕಡೆ ನಿಂತೇ ಇಲ್ಲ.

ನಮ್ಮ ಬೇಳೆಗೆ ಹೆಸರಿದೆ. ಸೇಡಂ, ಚಿತ್ತಾಪುರದ ಸುಣ್ಣಕಲ್ಲಿನ ನೆಲ, ಅದರಲ್ಲಿರುವ ಕ್ಯಾಲ್ಸಿಯಂ, ಪೊಟ್ಯಾಶಿಯಂ, ಈ ನೆಲದಿಂದ ಬರುವ ರುಚಿ ಎಲ್ಲ ಸೇರಿ 2019ರಲ್ಲಿ ಜಿಐ ಟ್ಯಾಗ್, ಅಂದರೆ ಊರಿನ ಹೆಸರಿಗೆ ಕಾನೂನಿನ ರಕ್ಷಣೆ, ಸಿಕ್ಕಿತು. ಆದರೆ ಟ್ಯಾಗ್ ಬಂದ ಮೇಲೂ ನಮ್ಮ ತೊಗರಿ ಬೇರೆ ಊರಿನ ಮಿಲ್‌ಗೆ ಹೋಗಿ, ಬೇರೆಯವರ ಚೀಲ ತೊಟ್ಟು ಮಾರಾಟವಾಗುವುದು ನಿಂತಿಲ್ಲ. ಬ್ಯಾಡಗಿಯನ್ನು ನೋಡಿ. ಆ ಮೆಣಸಿನಕಾಯಿಯ ಬಣ್ಣ ತೆಗೆದು ಓಲಿಯೋರೆಸಿನ್ ಅನ್ನುವ ಗಟ್ಟಿ ಸಾರ ಮಾಡಿ ಹೊರದೇಶಕ್ಕೆ ಕಳಿಸುತ್ತಾರೆ. ಖಾರ ಕಮ್ಮಿ ಇದ್ದರೂ ಬಣ್ಣಕ್ಕೇ ದುಡ್ಡು! ಅಂಥ ಗಿರಾಕಿಯನ್ನು ನಾವು ಇನ್ನೂ ಹುಡುಕಿಲ್ಲ.

ಶುರು ಎಲ್ಲಿಂದ? ಗಲ್ಫ್‌ನಿಂದ. ದುಬೈ, ಅಬುಧಾಬಿಯಲ್ಲಿ ಲಕ್ಷಾಂತರ ಭಾರತೀಯರಿದ್ದಾರೆ, ದಾರಿ ಹತ್ತಿರ, ಯುಎಇ ಜೊತೆಗಿನ ವ್ಯಾಪಾರ ಒಪ್ಪಂದ 2022ರ ಮೇ 1ರಿಂದ ಜಾರಿಯಲ್ಲಿದೆ. ಬೇಳೆಕಾಳು ಕೃಷಿ ರಫ್ತಿಗೆ ನೆರವಾಗುವ ಕೇಂದ್ರದ ಸಂಸ್ಥೆ ಅಪೆಡಾದ ಪಟ್ಟಿಯಲ್ಲೂ ಇದೆ. ಮೊದಲ ವರ್ಷ ಲಾಭ ಬರದೇ ಇರಬಹುದು. ಆದರೆ ಒಂದು ಸಲ ಲ್ಯಾಬ್ ಟೆಸ್ಟ್, ಪ್ಯಾಕಿಂಗ್, ತೇವಾಂಶದ ಶಿಸ್ತು ಕಲಿತ ಮಿಲ್ ಇಲ್ಲಿಯ ಮಾರುಕಟ್ಟೆಯಲ್ಲೂ ಮುಂದೆ ಹೋಗುತ್ತದೆ. ದಿಲ್ಲಿ ಏನು ಮಾಡುತ್ತದೋ ಅಂತ ಟಿವಿ ನೋಡುತ್ತಾ ಕೂರುವುದಕ್ಕಿಂತ ಇದು ವಾಸಿ ಅಲ್ವಾ?

ವಿರೋಧ: ಬಾಗಿಲ ಕೀಲಿ ಬೇರೆಯವರ ಕೈಲಿದೆ

ಮೇಲಿನ ಲೆಕ್ಕದಲ್ಲಿ ಒಂದು ವರ್ಷ ಬಿಟ್ಟುಹೋಗಿದೆ. ಅದು 2006. ಆ ವರ್ಷ ಕೇಂದ್ರ ಸರ್ಕಾರ ಬೇಳೆಕಾಳು ರಫ್ತನ್ನು ನಿಷೇಧಿಸಿತು. ಕಾಬೂಲಿ ಕಡಲೆಯಂಥ ಕೆಲವಕ್ಕೆ ವಿನಾಯಿತಿ ಸಿಕ್ಕಿತು, ತೊಗರಿ ಬೇಳೆಗೆ ಸಿಗಲಿಲ್ಲ. ಬಾಗಿಲು ಮತ್ತೆ ತೆರೆದದ್ದು 2017ರ ಸೆಪ್ಟೆಂಬರ್‌ನಲ್ಲಿ. ಅಂದರೆ 11 ವರ್ಷ. ಅಷ್ಟು ವರ್ಷ ಯಾವ ವಿದೇಶಿ ಗಿರಾಕಿ ನಮಗಾಗಿ ಕಾಯುತ್ತಾನೆ? ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

"ಈಗ ತೆರೆದಿದೆಯಲ್ಲ" ಅನ್ನಬಹುದು. ತೆರೆದಿದ್ದು ಯಾವಾಗ ಅಂತ ನೋಡಿ. ಭಾವ ಬಿದ್ದು ರೈತರು ಬೀದಿಗೆ ಬಂದ ವರ್ಷ. ಭಾವ ಏರಿದರೆ ಮತ್ತೆ ಮುಚ್ಚಲ್ಲ ಅಂತ ಯಾರೂ ಬರೆದುಕೊಟ್ಟಿಲ್ಲ. ತೊಗರಿ ಬೇಳೆ ಅಂದರೆ ಸಾಮಾನ್ಯ ಸರಕಲ್ಲ, ಮನೆಮನೆಯ ಸಾರು. ಅದು ದುಬಾರಿಯಾದರೆ ವೋಟು ಅಲುಗಾಡುತ್ತದೆ. ಬ್ಯಾಡಗಿ ಮೆಣಸಿನಕಾಯಿ ದುಬಾರಿಯಾದರೆ ಯಾವ ಮಂತ್ರಿಯೂ ಮೀಟಿಂಗ್ ಕರೆಯಲ್ಲ. ಆ ಉದಾಹರಣೆ ನಮಗೆ ಹೊಂದುವುದೇ ಇಲ್ಲ.

ಇನ್ನೊಂದು ವಿಷಯ. ತೊಗರಿಯನ್ನು ಜಗತ್ತಿನಲ್ಲಿ ಅತಿ ಹೆಚ್ಚು ಬೆಳೆಯುವುದು ನಾವೇ, ತಿನ್ನುವುದು ನಾವೇ, ಕೊಳ್ಳುವುದೂ ನಾವೇ. ಮೊಜಾಂಬಿಕ್‌ನಿಂದ ವರ್ಷಕ್ಕೆ 2 ಲಕ್ಷ ಟನ್, ಮ್ಯಾನ್ಮಾರ್‌ನಿಂದ 1 ಲಕ್ಷ ಟನ್, ಮಲಾವಿಯಿಂದ 50 ಸಾವಿರ ಟನ್ ತರಿಸಿಕೊಳ್ಳಲು ಸರ್ಕಾರವೇ 2021ರಲ್ಲಿ ಒಪ್ಪಂದ ಮಾಡಿಕೊಂಡಿತ್ತು. ಬರ್ಮಾದ 'ಲೆಮನ್' ತೊಗರಿ, ಆಫ್ರಿಕಾದ 'ಗಜರಿ' ಎಷ್ಟು ಬಂತು ಅಂತ ನೋಡಿ ಗಂಜ್‌ನಲ್ಲಿ ಭಾವ ಕೂಗುವ ಕಾಲ ಇದು. ಮನೆಗೇ ಸಾಲದ ಮಾಲನ್ನು ಹೊರಗೆ ಕಳಿಸುವ ಮಾತು ಸ್ವಲ್ಪ ವಿಚಿತ್ರವೇ.

ಪರದೇಶದ ಗಿರಾಕಿಯನ್ನು ನಂಬಿದರೆ ಏನಾಗುತ್ತದೆ ಅಂತ ತಿಳಿಯಬೇಕಾ? ಮ್ಯಾನ್ಮಾರ್ ರೈತರನ್ನು ನೋಡಿ. ಅವರು ತೊಗರಿ ಬೆಳೆಯುವುದೇ ಭಾರತಕ್ಕಾಗಿ, ತಾವು ಹೆಚ್ಚು ತಿನ್ನುವುದಿಲ್ಲ. 2017ರ ಆಗಸ್ಟ್‌ನಲ್ಲಿ ನಮ್ಮ ಸರ್ಕಾರ ತೊಗರಿ ಆಮದಿಗೆ ವರ್ಷಕ್ಕೆ 2 ಲಕ್ಷ ಟನ್ ಮಿತಿ ಹಾಕಿತು. ಅಲ್ಲಿ ಬೆಲೆ ಕುಸಿಯಿತು. ನಮ್ಮ ರೈತರನ್ನು ಉಳಿಸಲು ಹಾಕಿದ ಮಿತಿ ಅದು, ತಪ್ಪು ಅಂತ ನಾನು ಹೇಳಲ್ಲ. ಆದರೆ ಆ ದಿನ ಅವರು ಇದ್ದ ಜಾಗದಲ್ಲಿ ನಾಳೆ ನಾವು ಇರಬಹುದು. 2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಹಲವು ಸರಕುಗಳ ಮೇಲೆ ಒಟ್ಟು ಶೇ. 50 ಸುಂಕ ಹೇರಿತಲ್ಲ, ಆಗ ಆರ್ಡರ್ ಕೈಯಲ್ಲಿ ಹಿಡಿದವರ ಪಾಡು ಏನಾಗಿರಬೇಕು? ಸುಂಕ ಆಮೇಲೆ ಇಳಿದರೂ ಹೋದ ಗಿರಾಕಿ ತಾನಾಗಿ ವಾಪಸ್ ಬರಲ್ಲ.

ಸರ್ಕಾರವೇ ಅಡ್ಡ ಬರಬೇಕು ಅಂತಲೂ ಇಲ್ಲ. 2023ರ ಕೊನೆಯಲ್ಲಿ ಮೊಜಾಂಬಿಕ್‌ನ ನಕಾಲಾ ಬಂದರಿನಲ್ಲಿ ಎರಡು ಕಂಪನಿಗಳ ಕೋರ್ಟ್ ಜಗಳಕ್ಕೆ ಸಿಕ್ಕಿ ಭಾರತಕ್ಕೆ ಬರಬೇಕಿದ್ದ ತೊಗರಿ ಅಲ್ಲೇ ನಿಂತಿತು. ದೊಡ್ಡ ಕಂಪನಿ ಅಂಥದ್ದನ್ನು ತಡೆದುಕೊಳ್ಳಬಹುದು. ಬ್ಯಾಂಕ್ ಸಾಲದ ಮೇಲೆ ನಡೆಯುವ ನಮ್ಮ ಮಿಲ್‌ಗೆ ಎರಡು ತಿಂಗಳು ದುಡ್ಡು ಸಿಕ್ಕಿಬಿದ್ದರೆ ಮುಂದಿನ ಸೀಸನ್‌ನಲ್ಲಿ ಕೊಳ್ಳುವ ಶಕ್ತಿಯೇ ಇರಲ್ಲ.

ಈಗ ಗಂಜ್‌ಗೆ ಬನ್ನಿ. ಜನವರಿಯಲ್ಲಿ ಆವಕ ಜೋರಿರುವಾಗ ರಾಶಿ ರಾಶಿ ತೊಗರಿ ಸುರಿದಿರುತ್ತದೆ. ಖರೀದಿದಾರ ಒಂದು ಹಿಡಿ ತೆಗೆದು, ಒಂದು ಕಾಳು ಹಲ್ಲಲ್ಲಿ ಕಡಿದು ತೇವ ನೋಡುತ್ತಾನೆ, ಭಾವ ಹೇಳುತ್ತಾನೆ, ಮುಂದಿನ ರಾಶಿಗೆ ಹೋಗುತ್ತಾನೆ. ಸಂಜೆ ಹತ್ತಾರು ರೈತರ ಚೀಲ ಒಂದೇ ಲಾರಿ ಹತ್ತುತ್ತವೆ. ಒಬ್ಬರದ್ದು ಟಿಎಸ್-3ಆರ್ ತಳಿ, ಇನ್ನೊಬ್ಬರದ್ದು ಜಿಆರ್‌ಜಿ-811. ಕಾಯಿಕೊರಕಕ್ಕೆ ಯಾರು ಯಾವ ಔಷಧ ಹೊಡೆದರು, ಎಷ್ಟು ಸಲ ಹೊಡೆದರು ಅಂತ ಬರೆದಿಡುವವರು ಯಾರೂ ಇಲ್ಲ. ಮಿಲ್‌ನಲ್ಲಿ ಎಮರಿ ರೋಲರ್‌ಗೆ ಹಾಕಿ ಸಿಪ್ಪೆ ಗೀರಿ, ಎಣ್ಣೆ ಹಚ್ಚಿ, ನೀರು ಚಿಮುಕಿಸಿ, ಅಂಗಳದಲ್ಲಿ ಬಿಸಿಲಿಗೆ ಹರವಿ, ಮತ್ತೆ ರೋಲರ್‌ಗೆ ಹಾಕಿ ಒಡೆಯುತ್ತಾರೆ. ಹೊಟ್ಟು, ನುಚ್ಚು ಕಳೆದು ನೂರು ಕಿಲೋಗೆ ಎಪ್ಪತ್ತೈದರ ಒಳಗೇ ಬೇಳೆ. ಕೆಲಸಗಾರರ ಕೈ ಪಳಗಿದೆ, ಬೇಳೆ ಚೆನ್ನಾಗಿಯೇ ಬರುತ್ತದೆ. ಆದರೆ ಯುರೋಪಿನಲ್ಲಿ ಬೇರೆ ಮಿತಿ ಹೇಳದ ಕೀಟನಾಶಕಕ್ಕೆ ಕಿಲೋಗೆ 0.01 ಮಿಲಿಗ್ರಾಂ ಅಷ್ಟೇ ಬಿಡುತ್ತಾರೆ. ಯಾರ ಹೊಲದ ತೊಗರಿ ಅಂತಲೇ ಗೊತ್ತಿಲ್ಲದ ಮಾಲಿಗೆ ಆ ಭರವಸೆ ಕೊಡುವುದು ಹೇಗೆ? ಮಿಲ್ ಎಷ್ಟೇ ಶಿಸ್ತು ಕಲಿತರೂ ಹೊಲದಲ್ಲಿ ಆದದ್ದನ್ನು ಮಿಲ್‌ನಲ್ಲಿ ತಿದ್ದಲು ಆಗಲ್ಲ.

ಗಲ್ಫ್‌ನಲ್ಲಿ ನಿಯಮ ಅಷ್ಟು ಬಿಗಿ ಇಲ್ಲದಿರಬಹುದು. ಆದರೆ ಅಲ್ಲಿನ ಅಂಗಡಿಗೆ ಬೇಕಿರುವುದು ವರ್ಷಪೂರ್ತಿ ಒಂದೇ ಥರದ ಮಾಲು. 2022ರಲ್ಲಿ ನೆಟೆ ರೋಗ ಬಂದು ನಮ್ಮ ಜಿಲ್ಲೆಯ ತೊಗರಿ ನಿಂತಲ್ಲೇ ಒಣಗಿತು. ಅಂಥ ವರ್ಷ ಆರ್ಡರ್ ತುಂಬಿಸಲು ಬರ್ಮಾ ಮಾಲು ಬೆರೆಸುತ್ತೇವಾ? ಬೆರೆಸಿದರೆ ಜಿಐ ಟ್ಯಾಗ್‌ಗೆ ಅರ್ಥ ಇಲ್ಲ. ಇನ್ನು ಆ ಟ್ಯಾಗ್ ಇಲ್ಲಿಯ ಕಾನೂನು, ಹೊರದೇಶದಲ್ಲಿ ತಾನಾಗಿ ನಡೆಯಲ್ಲ. ಅಲ್ಲಿ ಬೇರೆಯಾಗಿ ನೋಂದಣಿ ಮಾಡಿಸಬೇಕು, ಕೇಸು ಬಿದ್ದರೆ ವಕೀಲರ ಖರ್ಚು ನಮ್ಮದೇ.

ಒಂದೇ ಮಾರುಕಟ್ಟೆ ನಂಬಬಾರದು ಅನ್ನುವ ಮಾತು ನಾನೂ ಒಪ್ಪುತ್ತೇನೆ. ಅದಕ್ಕೆ ಹಡಗು ಹತ್ತಬೇಕಿಲ್ಲ. ಬೆಂಗಳೂರು, ಚೆನ್ನೈ, ಹೈದರಾಬಾದ್ ಇವೆ. ಅಲ್ಲಿ ಹಣ ರೂಪಾಯಿಯಲ್ಲಿ ಬರುತ್ತದೆ, ಬೇಗ ಬರುತ್ತದೆ, ಸುಂಕ ಇಲ್ಲ. ಹಳ್ಳಿಯಲ್ಲಿ ರೈತರ ಗುಂಪಿನಿಂದ ನೇರವಾಗಿ ಕೊಂಡು, ಒಂದೇ ತಳಿ, ಔಷಧದ ಲೆಕ್ಕ ಬರೆದಿಟ್ಟು, ಸ್ವಂತ ಪ್ಯಾಕ್‌ನಲ್ಲಿ ಮಾರುವುದನ್ನು ಮೊದಲು ಮಾಡೋಣ. ರಫ್ತಿಗೆ ಐದು ವರ್ಷ ಬಾಗಿಲು ಮುಚ್ಚಲ್ಲ ಅಂತ ಸರ್ಕಾರ ಬರೆದುಕೊಟ್ಟ ದಿನ ದುಬೈ ಮಾತು ಎತ್ತೋಣ. ಸದ್ಯಕ್ಕೆ ಬೆಂಗಳೂರಿನ ಸಾಮಾನ್ಯ ಕಿರಾಣಿ ಅಂಗಡಿಗೆ ಹೋಗಿ 'ಕಲಬುರಗಿ ತೊಗರಿ ಬೇಳೆ' ಅಂತ ಬರೆದ ಒಂದು ಕಿಲೋ ಪ್ಯಾಕ್ ಕೇಳಿ ನೋಡಿ. ಬಹಳ ಸಲ ಅಂಗಡಿಯವರು ಚೀಲದಿಂದ ತೂಗಿಕೊಡುತ್ತಾರೆ, ಯಾವ ಊರಿನದು ಅಂತ ಅವರಿಗೂ ಗೊತ್ತಿರಲ್ಲ.