ಹಿಮ್ಮಡಿ ಇಡಿ, ಡಬ್ಬಿ ಒಯ್ಯಿರಿ

ಕಾರವಾರದಿಂದ ಶಿರಸಿವರೆಗೆ ಸಭಾಭವನ ಖಾಲಿ ಬಿದ್ದಿದ್ದರೆ ಸಾಕು, ಅಲ್ಲೊಂದು ‘ಉಚಿತ ಎಲುಬು ತಪಾಸಣೆ ಶಿಬಿರ’. ಚಪ್ಪಲಿ ಕಳಚಿ ಹಿಮ್ಮಡಿಯನ್ನು ಅಲ್ಟ್ರಾಸೌಂಡ್ ಯಂತ್ರದೊಳಗೆ ಇಡಬೇಕು. ಬರುವ ಚೀಟಿಯಲ್ಲಿ ಟಿ-ಸ್ಕೋರ್, ಅಂದರೆ ಹರೆಯದವರ ಎಲುಬಿಗೆ ಹೋಲಿಸಿದ ಅಂಕ. ಅದಕ್ಕೆ ಮೈನಸ್ ಗುರುತು ಕಂಡದ್ದೇ ತಡ, ಪಕ್ಕದ ಮೇಜಿನ ಮೇಲಿನ ಕ್ಯಾಲ್ಸಿಯಂ ಪುಡಿ ಡಬ್ಬಿ ಕೈಗೆ ಬರುತ್ತದೆ. ಎಲುಬು ಸವೆದಿದೆ ಎಂದು ಹೇಳಲು ಸೊಂಟ, ಬೆನ್ನುಮೂಳೆಯ ಡೆಕ್ಸಾ ಸ್ಕ್ಯಾನ್ (ಎಲುಬಿನ ಸಾಂದ್ರತೆ ಅಳೆಯುವ ಎಕ್ಸ್-ರೇ) ಆಗಬೇಕು. ಮೈನಸ್ 2.5 ಎಂಬ ಗೆರೆ ಇರುವುದು ಆ ಸ್ಕ್ಯಾನಿಗೆ, ಹಿಮ್ಮಡಿಯ ಅಲ್ಟ್ರಾಸೌಂಡಿಗಲ್ಲ. ಮೈನಸ್ 1 ಬಂತೆಂದು ಬೆವರುತ್ತಿರುವ ಅಮ್ಮನಿಗೆ ಇದನ್ನು ಹೇಳುವವರ‍್ಯಾರು? ಡಬ್ಬಿ ಮಾರುವವರೇ?

ಗೋಡೆಯ ಪೋಸ್ಟರಿನಲ್ಲಿ ಬಾದಾಮಿ, ಬ್ರೊಕೊಲಿ, ಸಾಲ್ಮನ್. ಹತ್ತು ಬಾದಾಮಿಯಿಂದ ಸಿಗುವ ಕ್ಯಾಲ್ಸಿಯಂ 30 ಮಿಲಿಗ್ರಾಂ ಆಸುಪಾಸು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ದೊಡ್ಡವರಿಗೆ ಹೇಳಿದ್ದು ದಿನಕ್ಕೆ 1000. ಸಾಲ್ಮನ್ನಿನ ಕ್ಯಾಲ್ಸಿಯಂ ಇರುವುದು ಡಬ್ಬಿಮೀನಿನ ಮೆತ್ತನೆ ಮುಳ್ಳಿನಲ್ಲಿ. ಚಿತ್ರದಲ್ಲಿರುವುದು ಮುಳ್ಳಿಲ್ಲದ ಗುಲಾಬಿ ತುಂಡು! ಮುಳ್ಳು ಸಮೇತ ತಿನ್ನಬಹುದಾದ ನಮ್ಮ ತಾರ್ಲೆ (ಬೂತಾಯಿ ಮೀನು) ಮಾತ್ರ ಲಾರಿ ಹತ್ತಿ ಫಿಶ್‌ಮೀಲ್ (ಮೀನುಪುಡಿ) ಕಾರ್ಖಾನೆ ಸೇರುತ್ತದೆ. ಆಮೇಲೆ ಅದು ಕೋಳಿ, ಸಿಗಡಿಗಳ ಆಹಾರ. ಅವುಗಳಿಗೆ ಯಾರೂ ಶಿಬಿರ ನಡೆಸುವುದಿಲ್ಲ, ಪಾಪ.

ನೆಂಟರು ಬಂದರೆ ದೊಡ್ಡ ಮೀನು ಇಸವಣವೇ ಆಗಬೇಕು, ತಾರ್ಲೆ ಬಡಿಸಿದರೆ ಮರ್ಯಾದೆ ಹೋಗುತ್ತದೆ. ಮರ್ಯಾದೆಯ ಚಿಂತೆ ಇಲ್ಲದವರು ಸಣ್ಣ ತಾರ್ಲೆಯ ತಲೆ, ಕರುಳು ತೆಗೆದು, ನಾಲ್ಕು ಮುರುಗಲು (ಕೋಕಂ) ಸಿಪ್ಪೆ ಹಾಕಿ, ಕುಕ್ಕರಿನಲ್ಲಿ ಸಣ್ಣ ಉರಿಯ ಮೇಲೆ 25 ನಿಮಿಷ ಇಡಲಿ. ಬೆರಳಲ್ಲಿ ಹಿಚುಕಿದರೆ ನಡುಮುಳ್ಳು ಪುಡಿಯಾಗಬೇಕು, ಆಗದಿದ್ದರೆ ಇನ್ನಷ್ಟು ಬೇಯಲಿ. ಕಾವಲಿಯಲ್ಲಿ ಹುರಿದರೆ ಮುಳ್ಳು ಗಟ್ಟಿಯೇ ಉಳಿದು ಬೆಕ್ಕಿನ ಪಾಲಾಗುತ್ತದೆ. ಒಣಮೀನಾದರೆ ಮೊದಲು ನೆನೆಸಿ ಉಪ್ಪು ತೆಗೆಯಬೇಕು. ಉಪ್ಪು ಹೆಚ್ಚಾದಷ್ಟೂ ಕ್ಯಾಲ್ಸಿಯಂ ಮೂತ್ರದಲ್ಲಿ ಹೋಗುತ್ತದೆ.

ಘಟ್ಟದ ಮೇಲೆ ಮೀನಿನ ಮಾತಿಲ್ಲ, ‘ಪಾಲಕ್ ತಿನ್ನಿ’ ಎಂಬ ಭಾಷಣ. ಪಾಲಕಿನ ಕ್ಯಾಲ್ಸಿಯಂ ಅದೇ ಸೊಪ್ಪಿನಲ್ಲಿರುವ ಆಕ್ಸಲೇಟ್ ಎಂಬ ರಾಸಾಯನಿಕದ ಹಿಡಿತದಲ್ಲಿರುವುದರಿಂದ ಮೈಗೆ ಹತ್ತುವುದು ನೂರಕ್ಕೆ ಐದು ಪಾಲು. ಹಿತ್ತಲ ನುಗ್ಗೆಸೊಪ್ಪಿನ ಹೆಸರೆತ್ತಿದರೆ ಭಾಷಣಕಾರರ ತೂಕ ಇಳಿಯುತ್ತದೇನೋ. ಅನ್ನದಲ್ಲಿ ಕ್ಯಾಲ್ಸಿಯಂ ಇಲ್ಲವೆಂದೇ ಲೆಕ್ಕ. 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಇದೆ. ಆದರೆ ಮಣ್ಣಿ ನುಣ್ಣಗಿರಲೆಂದು ಬಟ್ಟೆಯಲ್ಲಿ ಸೋಸಿ ಹೊಟ್ಟು ಚೆಲ್ಲಿದರೆ ಅದರ ದೊಡ್ಡ ಪಾಲು ದನದ ಬಾನಿಗೆ. ಅಂಬಲಿಗೆ ಸೋಸುವ ಗೋಜಿಲ್ಲ: ಮೂರು ಚಮಚ ಹಿಟ್ಟು ನೀರಿನಲ್ಲಿ ಕುದಿಸಿ, ಇಳಿಸಿ ಆರಿದ ಮೇಲೆ ಒಂದು ಲೋಟ ಮಜ್ಜಿಗೆ. ಎಳ್ಳೂ ಅಷ್ಟೇ, ಸಿಪ್ಪೆ ತೆಗೆದ ಬಿಳಿ ಎಳ್ಳಿನಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ಸಿಪ್ಪೆ ಇರುವುದನ್ನು ಹುರಿದು ಪುಡಿ ಮಾಡಿ. ಇಡಿಯಾಗಿ ನುಂಗಿದರೆ ಹಾಗೇ ಹೊರಗೆ ಹೋಗುತ್ತದೆ.

‘ಕ್ಯಾಲ್ಸಿಯಂಗೆ ಕವಳದ (ಎಲೆಅಡಿಕೆಯ) ಸುಣ್ಣ ಆಗುವುದಿಲ್ಲವೇ?’ ಎಂಬ ಪ್ರಶ್ನೆ ಪ್ರತಿ ಶಿಬಿರದಲ್ಲೂ ಏಳುತ್ತದೆ. ಆಗುವುದಿಲ್ಲ. ಜತೆಗಿರುವ ಅಡಿಕೆ, ತಂಬಾಕು ಬಾಯಿಗೆ ಮಾಡುವ ಹಾನಿಯ ಮುಂದೆ ಆ ಲೆಕ್ಕವೇ ಬೇಡ.

ಇನ್ನು ಡಬ್ಬಿ. ಮುಂದೆ ದೊಡ್ಡಕ್ಷರದಲ್ಲಿರುವ ಕ್ಯಾಲ್ಸಿಯಂ 100 ಗ್ರಾಂ ಪುಡಿಗೋ, ಒಂದು ಚಮಚಕ್ಕೋ ಎಂದು ಹಿಂದೆ ತಿರುಗಿಸಿ ನೋಡಿ. ಸಕ್ಕರೆಯ ಸಾಲೂ ಅಲ್ಲೇ ಇದೆ. ವೈದ್ಯರು ಬರೆದುಕೊಟ್ಟ 500 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಮಾತ್ರೆಯಾದರೆ ಒಂದು ಊಟದ ಜತೆಗೆ ಒಂದೇ, ಕಬ್ಬಿಣದ ಮಾತ್ರೆಯನ್ನು ಎರಡು ತಾಸು ಬಿಟ್ಟು.

ವಂದನಾರ್ಪಣೆ ಮುಗಿದ ಮೇಲೆ ಊಟ: ಅನ್ನ, ಸಾರು, ಶಿರಾ. ಮಜ್ಜಿಗೆ ವೇದಿಕೆಯವರಿಗೇ ಖರ್ಚಾಗಿರುತ್ತದೆ.