ಗಾಳದ ರಾಡ್‌ಗೆ ಸಾವಿರಗಟ್ಟಲೆ, ಕೂರಲಿಕ್ಕೆ ಸಿಕ್ಕಿದ ಕಲ್ಲು

ಊರಿನಲ್ಲಿ ಗಾಳ ಹಾಕುವ ಗೆಳೆಯರ ಜೊತೆ ನನ್ನದು ಒಂದು ಹಳೇ ವಾದ ಉಂಟು. ರಾಡ್‌ಗೆ, ದಾರ ಸುತ್ತುವ ರೀಲಿಗೆ ಎಷ್ಟು ಬೇಕಾದರೂ ದುಡ್ಡು ಸುರಿಯುತ್ತಾರೆ, ಕೂರುವುದು ಮಾತ್ರ ಕೆಂಪುಕಲ್ಲಿನ ಕಟ್ಟೆ ಮೇಲೆ, ಇಲ್ಲಾಂದ್ರೆ ಥರ್ಮಾಕೋಲ್ ಪೆಟ್ಟಿಗೆ ಮೇಲೆ. ನನ್ನ ಊರು ಉಡುಪಿ ಹತ್ತಿರದ ಉದ್ಯಾವರ. ಈಗ ಇರುವುದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ. ಟ್ರೆಂಟ್ ನದಿಯ ದಡದಲ್ಲಿ, ಕಾಲುವೆ ಬದಿಯಲ್ಲಿ ಇಲ್ಲಿಯವರ ಪಕ್ಕ ಕೂತು ಮೀನು ಹಿಡಿಯುತ್ತಾ ನನಗೆ ಗಟ್ಟಿಯಾದ ಅಭಿಪ್ರಾಯ ಏನೆಂದರೆ, ಕೂರುವ ಜಾಗವೂ ಗಾಳದ ಒಂದು ಭಾಗವೇ. ಅದು ಸರಿ ಇಲ್ಲದಿದ್ದರೆ ಉಳಿದದ್ದು ಎಷ್ಟು ದುಬಾರಿಯದ್ದಾದರೂ ಅರ್ಧ ಕೆಲಸ ಮಾತ್ರ ಮಾಡುತ್ತದೆ.

"ಮೀನು ಹಿಡಿಯಲಿಕ್ಕೆ ಕುರ್ಚಿ ಎಂತಕ್ಕೆ ಮಾರಾಯ?" ಅಂತ ನನ್ನ ಮಾವ ಕೇಳುತ್ತಾರೆ. ಅವರು ಕುಕ್ಕರಗಾಲಲ್ಲಿ ಕೂತರೆ ಗಂಟೆಗಟ್ಟಲೆ ಅಲ್ಲಾಡುವವರಲ್ಲ. ಬಿದಿರಿನ ಗಾಳ, ತಂಗೂಸು ದಾರ, ಬೆಂಡು, ಎಟ್ಟಿ (ಸಿಗಡಿ) ಸಿಕ್ಕಿಸಿದ ಕೊಕ್ಕೆ, ಮುಗೀತು. ಆ ಗಾಳಕ್ಕೆ ಆ ಕೂರುವಿಕೆ ಸಾಕು, ಒಪ್ಪುತ್ತೇನೆ. "ಮಾವ, ನಿಮ್ಮ ಗಾಳ ಕೈಯಲ್ಲಿ ನಿಲ್ಲುತ್ತದೆ. ಇಂಗ್ಲೆಂಡಿನ ಪೋಲ್ ತೊಡೆಯ ಮೇಲೆ ನಿಲ್ಲಬೇಕು" ಅಂತ ನಾನು ಹೇಳುವುದು.

ಪೋಲ್ ಫಿಶಿಂಗ್ ನೋಡದವರಿಗೆ ಸ್ವಲ್ಪ ವಿವರಿಸುತ್ತೇನೆ. ಇದಕ್ಕೆ ರೀಲ್ ಇಲ್ಲ. ಕಾರ್ಬನ್‌ನ ಕೊಳವೆಗಳನ್ನು ಒಂದಕ್ಕೊಂದು ಸಿಕ್ಕಿಸಿ 11, 13, 16 ಮೀಟರ್‌ವರೆಗೆ ಉದ್ದ ಮಾಡುತ್ತಾರೆ. ತುದಿಯ ಭಾಗದ ಒಳಗೆ ರಬ್ಬರಿನ ಎಲಾಸ್ಟಿಕ್ ಇರುತ್ತದೆ, ಅದಕ್ಕೆ ದಾರ. ಬೆಂಡು ಬೀಳುವುದು ಪೋಲಿನ ತುದಿಯ ಹತ್ತಿರವೇ, ಹಾಗಾಗಿ ಬೇಕಾದ ಜಾಗಕ್ಕೆ ಸರಿಯಾಗಿ ಇಳಿಸಬಹುದು. ಮೀನು ಸಿಕ್ಕಿದರೆ ಪೋಲನ್ನು ಹಿಂದಕ್ಕೆ ತಳ್ಳುತ್ತಾ ಹೋಗಬೇಕು. ಬೆನ್ನ ಹಿಂದೆ ಇಟ್ಟ ರೋಲರ್ ಮೇಲೆ ಅದು ಉರುಳುತ್ತಾ ಹೋಗುತ್ತದೆ, ಕೊನೆಗೆ ತುದಿಯ ಭಾಗ ಮಾತ್ರ ಬಿಡಿಸಿಕೊಂಡು ಮೀನನ್ನು ಬಲೆಗೆ ತರುವುದು. ಪೋಲ್ ತೂಕದಲ್ಲಿ ಹಗುರವೇ, ಆದರೆ ಅಷ್ಟು ಉದ್ದಕ್ಕೆ ಚಾಚಿದಾಗ ಕೈಗೆ ಬೀಳುವ ಭಾರವೇ ಬೇರೆ. ಅದಕ್ಕೇ ಪೋಲನ್ನು ತೊಡೆಯ ಮೇಲೆ ಮಲಗಿಸಿ, ಹಿಂದಿನ ತುದಿಯನ್ನು ಮುಂಗೈಯಿಂದ ಒತ್ತಿ, ಇನ್ನೊಂದು ಕೈಯನ್ನು ಮುಂದೆ ಆಧಾರ ಕೊಟ್ಟು ಹಿಡಿಯುವುದು. ಕುಕ್ಕರಗಾಲಲ್ಲಿ ಕೂತವನಿಗೆ ತೊಡೆ ಎಲ್ಲಿ ಸಿಗಬೇಕು?

ಇಲ್ಲಿ ಕೂರಲಿಕ್ಕೆ ಬಳಸುವ ಸೀಟ್‌ಬಾಕ್ಸ್ ಅನ್ನುವ ಪೆಟ್ಟಿಗೆ ಮಾಡುವುದು ನಮ್ಮ ಅಡುಗೆಮನೆಯಲ್ಲಿ ಕಾಯಿ ತುರಿಯುವ ಹೆರೆಮಣೆ ಮಾಡುವ ಕೆಲಸವನ್ನೇ. ನಮ್ಮ ಭಾರವೇ ಉಪಕರಣವನ್ನು ಗಟ್ಟಿ ಹಿಡಿದಿರುತ್ತದೆ, ಕೈ ಎರಡೂ ಕೆಲಸಕ್ಕೆ ಸಿಗುತ್ತವೆ. ಕುಶನ್ ಇರುವ ಪೆಟ್ಟಿಗೆ, ಅದರ ಕೆಳಗೆ ಡ್ರಾಯರ್‌ಗಳು, ಬೇರೆ ಬೇರೆ ಎತ್ತರಕ್ಕೆ ಇಳಿಸಬಹುದಾದ ಕಾಲುಗಳು, ಮುಂದೆ ಪಾದ ಇಡಲಿಕ್ಕೆ ಫುಟ್‌ಪ್ಲೇಟ್. ಅಂಗಡಿಗೆ ಹೋದರೆ ಎಲ್ಲರ ಕಣ್ಣು ಮೊದಲು ಹೋಗುವುದು ಡ್ರಾಯರ್‌ಗೆ. ಎಷ್ಟು ಖಾನೆ, ಎಷ್ಟು ಬಣ್ಣ. ನಾನು ಹೇಳುವುದು, ಮೊದಲು ಕಾಲು ನೋಡಿ, ಆಮೇಲೆ ಫುಟ್‌ಪ್ಲೇಟ್, ಡ್ರಾಯರ್ ಕೊನೆಗೆ. ಇಲ್ಲಿ ಹೆಚ್ಚಾಗಿ ಸಿಗುವ ಕಾಲುಗಳು 25, 30, 36 ಮಿಲಿಮೀಟರ್ ದಪ್ಪದವು. 36 ತುಂಬ ಗಟ್ಟಿ, ಆದರೆ ಹೊರಬೇಕಲ್ವಾ? ಟ್ರೇ, ಬಲೆಯ ಹಿಡಿಕೆ ಎಲ್ಲ ಕಾಲಿಗೇ ಸಿಕ್ಕಿಸುವುದರಿಂದ ಅವುಗಳ ಅಳತೆಯೂ ಹೊಂದಬೇಕು. ಅದನ್ನು ನೋಡದೆ ಬೇರೆ ಬೇರೆ ಕಂಪನಿಯದ್ದು ಕೊಂಡರೆ ದುಡ್ಡು ದಂಡ. ಹೊಸದೇ ಆಗಬೇಕಂತಲೂ ಇಲ್ಲ, ಕಾಲಿನ ತಿರುಪು ಗಟ್ಟಿ ಹಿಡಿಯುವ ಸೆಕೆಂಡ್‌ಹ್ಯಾಂಡ್ ಬಾಕ್ಸ್ ಎಷ್ಟೋ ವಾಸಿ.

ಕೊಳ್ಳುವ ಮೊದಲು ಅದರ ಮೇಲೆ ಕೂತು ನೋಡಲೇಬೇಕು, ಅದೂ ದಡಕ್ಕೆ ಹೋಗುವಾಗ ಹಾಕುವ ಬೂಟನ್ನೇ ಹಾಕಿಕೊಂಡು. ತೊಡೆ ನೆಲಕ್ಕೆ ಸಮವಾಗಿರಬೇಕು, ಮಂಡಿ ನೇರ ಮಡಚಿರಬೇಕು, ಪಾದ ಪೂರ್ತಿ ಊರಿರಬೇಕು. ಮಂಡಿ ಸೊಂಟಕ್ಕಿಂತ ಕೆಳಗಿಳಿದರೆ ಪೋಲ್ ಮುಂದಕ್ಕೆ ಜಾರುತ್ತದೆ, ನಾವು ಅದನ್ನು ಹಿಡಿದಿಡಲಿಕ್ಕೆ ಬೆನ್ನನ್ನು ಬಗ್ಗಿಸುತ್ತೇವೆ. ಮಂಡಿ ತೀರಾ ಮೇಲೆ ಬಂದರೆ ಸೊಂಟ ಹಿಡಿದುಕೊಳ್ಳುತ್ತದೆ. ಇಲ್ಲಿಯ ಬಾಕ್ಸ್‌ಗಳ ಜೊತೆ ನಮ್ಮ ಎತ್ತರದವರಿಗೆ ಫುಟ್‌ಪ್ಲೇಟ್ ಸ್ವಲ್ಪ ಮೇಲೆ ತರಬೇಕಾಗುವುದು ಸಾಮಾನ್ಯ, ಅದರಲ್ಲಿ ಸಂಕೋಚ ಬೇಡ.

ದಡದಲ್ಲಿ ಹೂಡುವಾಗ ಅವಸರ ಮಾಡಬಾರದು. ಕಾಲುವೆ ಬದಿಯ ದಾರಿ ಸಮತಟ್ಟು, ಅಲ್ಲಿ ಕೆಲಸ ಸುಲಭ. ಇಂಗ್ಲೆಂಡಿನ ನದಿಗಳಲ್ಲಿ ಮಾರ್ಚ್ 15ರಿಂದ ಜೂನ್ 15ರವರೆಗೆ ನಾವು ಹಿಡಿಯುವ ಮೀನುಗಳಿಗೆ ಗಾಳ ಹಾಕುವಂತಿಲ್ಲ, ಹಾಗಾಗಿ ಆ ತಿಂಗಳುಗಳಲ್ಲಿ ನಾವು ಹೋಗುವುದು ಕಾಲುವೆಗೇ. ನದಿಯ ದಡ ಇಳಿಜಾರು. ಅಲ್ಲಿ ಹಿಂದಿನ ಎರಡು ಕಾಲನ್ನು ಮೊದಲು ಗಟ್ಟಿ ನೆಲಕ್ಕೆ ಊರಿ, ಮುಂದಿನವನ್ನು ಇಳಿಜಾರಿಗೆ ತಕ್ಕಂತೆ ಉದ್ದ ಬಿಟ್ಟು, ಬಾಕ್ಸ್‌ನ ಮೇಲೆ ಎರಡೂ ಕೈ ಊರಿ ಮೈಭಾರ ಹಾಕಿ ಒತ್ತಬೇಕು. ಕೆಸರಿನಲ್ಲಿ ಒಂದು ಕಾಲು ಇಳಿದರೆ ಈಗಲೇ ಇಳಿಯಲಿ, ಮೀನು ಎಳೆಯುವಾಗ ಬೇಡ. ಆಮೇಲೆ ಮಟ್ಟಗೋಲು ಇಟ್ಟು ಉದ್ದಕ್ಕೂ ಅಡ್ಡಕ್ಕೂ ನೋಡಿ ತಿರುಪು ಬಿಗಿ ಮಾಡುವುದು. ಫುಟ್‌ಪ್ಲೇಟ್ ಎಲ್ಲಕ್ಕಿಂತ ಕೊನೆಗೆ. ಹುಳದ ಟ್ರೇ ಸೊಂಟದ ಎತ್ತರಕ್ಕೆ, ಕೈ ಚಾಚಿದರೆ ನೋಡದೆಯೇ ಸಿಗುವಂತೆ. ರೋಲರ್ ಬೆನ್ನ ಹಿಂದೆ, ಪೋಲ್ ಹಿಂದಕ್ಕೆ ಹೋಗುವ ಗೆರೆಯಲ್ಲೇ. ಕಾಲುವೆಯಲ್ಲಿ ಹಿಂದೆ ಸೈಕಲ್‌ನವರು ಬರುತ್ತಲೇ ಇರುತ್ತಾರೆ, ತಿರುಗಿ ನೋಡದೆ ಪೋಲ್ ತಳ್ಳುವಂತೆಯೇ ಇಲ್ಲ.

ಇಷ್ಟೆಲ್ಲ ಮಾಡಿ ಕೂತ ಮೇಲೆ ಇಲ್ಲಿಯವರು ಮಧ್ಯಾಹ್ನದವರೆಗೂ ಏಳುವುದಿಲ್ಲ. ಹಿಡಿದ ಮೀನನ್ನು ಮತ್ತೆ ನೀರಿಗೇ ಬಿಡುತ್ತಾರೆ. ನಮ್ಮಲ್ಲಿ ಹಾಗಲ್ಲ, ಮೀನು ಹಿಡಿಯುವುದು ಸಾರು ಮಾಡಲಿಕ್ಕೆ. ಕೋಡಿ ಬೆಂಗ್ರೆಯಲ್ಲಿ, ಸ್ವರ್ಣೆ, ಸೀತೆ ಹೊಳೆಗಳೆರಡೂ ಸಮುದ್ರ ಸೇರುವ ಕಡೆ, ನೀರು ಏರುವಾಗ ಒಂದು ಜಾಗ, ಇಳಿಯುವಾಗ ಇನ್ನೊಂದು ಜಾಗ. ಕಾಣೆ ಮೀನು ಬೇಕಾದವನು ನೀರಿನ ಜೊತೆ ನಡೆಯುತ್ತಾನೆ. ತಣ್ಣೀರುಬಾವಿ ಕಡೆ ಅಳಿವೆಬಾಗಿಲ ಹತ್ತಿರ ನಿಂತು ಬೀಸುವವನಿಗೂ ಬಾಕ್ಸ್ ಒಂದು ಹೊರೆ. ಸಾಮಾನು ತುಂಬಿದ ಸೀಟ್‌ಬಾಕ್ಸ್ ಎಳೆಯಲಿಕ್ಕೆ ಇಲ್ಲಿ ಗಾಡಿ ಇಟ್ಟುಕೊಳ್ಳುತ್ತಾರೆ, ನಮ್ಮ ಮರಳಿನಲ್ಲಿ ಆ ಚಕ್ರ ಉರುಳುವುದೂ ಕಷ್ಟ. ಈ ವಿಷಯದಲ್ಲಿ ಊರಿನವರದ್ದೇ ಸರಿ, ಬಾಕ್ಸ್ ಕೊಂಡುಹೋದರೆ ಮೀನಿನ ಹಿಂದೆ ಹೋಗಲಿಕ್ಕಾಗುವುದಿಲ್ಲ.

ಆದರೆ ಉದ್ಯಾವರ ಹೊಳೆಯ ಒಳಭಾಗ ಬೇರೆ. ಕೂಳೂರು ಸೇತುವೆಯಿಂದ ಮೇಲೆ ಫಲ್ಗುಣಿಯ ಬದಿಯೂ ಬೇರೆ. ಅಲ್ಲಿ ತೆಂಗಿನ ತೋಟದ ಅಂಚಿನಲ್ಲಿ ಒಂದೇ ಕಡೆ ಕೂತು ಗಾಳ ಹಾಕುವ ಹಿರಿಯರು ಎಷ್ಟು ಜನ ಇಲ್ಲ! ಅವರ ಮಂಡಿ, ಸೊಂಟ ಹೋದ ಮೇಲೆ ಗಾಳವೂ ಮೂಲೆ ಸೇರುತ್ತದೆ. ನನಗೆ ನಿಜವಾಗಿ ಬೇಜಾರಾಗುವುದು ಅಲ್ಲಿ. ಇಂಗ್ಲೆಂಡಿನಲ್ಲಿ ಎಪ್ಪತ್ತು ದಾಟಿದವರು ಈ ಬಾಕ್ಸ್‌ನ ಮೇಲೆ ಆರಾಮವಾಗಿ ಕೂತು ಮೀನು ಹಿಡಿಯುತ್ತಾರೆ. ಅವರ ಮಂಡಿ ನಮ್ಮವರದ್ದಕ್ಕಿಂತ ಗಟ್ಟಿ ಅಂತ ಅಲ್ಲ, ಕೂರುವುದಕ್ಕೆ ಒಂದು ವ್ಯವಸ್ಥೆ ಮಾಡಿಕೊಂಡಿದ್ದಾರೆ ಅಷ್ಟೇ.

ಕಾರ್ಬನ್ ಪೋಲನ್ನೇ ಊರಿಗೆ ತರುತ್ತೇನೆ ಅನ್ನುವ ಹೊರನಾಡಿನವರಿಗೆ ಮಾತ್ರ ಒಂದು ಎಚ್ಚರಿಕೆ. ಕಾರ್ಬನ್‌ನಲ್ಲಿ ಕರೆಂಟ್ ಹರಿಯುತ್ತದೆ. ಇಲ್ಲಿ ಕರೆಂಟ್ ತಂತಿಯಿಂದ ಕನಿಷ್ಠ 30 ಮೀಟರ್ ದೂರ ಇರಿ ಅಂತ ಹೇಳುತ್ತಾರೆ. ನಮ್ಮ ಹೊಳೆ ಬದಿಯ ತೋಟಗಳಲ್ಲಿ ತಂತಿ ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ನೋಡಿದರೆ 16 ಮೀಟರ್ ಪೋಲ್ ಬಿಚ್ಚಲಿಕ್ಕೆ ಜಾಗವೇ ಕಮ್ಮಿ. ಗುಡುಗು ಶುರುವಾದರೆ ಅಲ್ಲಿಂದ ಏಳಲೇಬೇಕು, ಮೇ ತಿಂಗಳಲ್ಲಂತೂ ಸಂಜೆಯ ಹೊತ್ತು ಪೋಲ್ ಬಿಚ್ಚಲೇಬೇಡಿ. ಮಧ್ಯಾಹ್ನದ ಮೇಲೆ ಸಮುದ್ರದ ಗಾಳಿ ಎದ್ದರೆ ಉದ್ದದ ಪೋಲ್ ಹಿಡಿಯಲಿಕ್ಕೂ ಆಗುವುದಿಲ್ಲ.

ಹಾಗಾಗಿ ನಾನು ಮಾವನಿಗೆ ಬಾಕ್ಸ್ ತರುವುದಿಲ್ಲ. ಮೀನಿನ ಪ್ಲಾಸ್ಟಿಕ್ ಕ್ರೇಟ್ ಊರಿನಲ್ಲೇ ಸಿಗುತ್ತದೆ, ಹಗುರ, ನೀರು ನಿಲ್ಲುವುದಿಲ್ಲ. ಅದಕ್ಕೆ ಇಲ್ಲದ್ದು ಎತ್ತರ ಬದಲಾಯಿಸುವ ಕಾಲು ಮಾತ್ರ. ಪೈಪಿನೊಳಗೆ ಪೈಪ್ ಇಳಿಯುವ, ಕೈಯಿಂದಲೇ ತಿರುಪುವ ಬೋಲ್ಟ್ ಇರುವ ನಾಲ್ಕು ಕಾಲಿನ ಚೌಕಟ್ಟನ್ನು ವೆಲ್ಡಿಂಗ್ ಅಂಗಡಿಯಲ್ಲಿ ಹೇಳಿ ಮಾಡಿಸಬಹುದು. ಸ್ಟೇನ್‌ಲೆಸ್ ಸ್ಟೀಲೇ ಆಗಬೇಕು, ಸಾದಾ ಕಬ್ಬಿಣವನ್ನು ಉಪ್ಪುನೀರು ಬಿಡುವುದಿಲ್ಲ. ಕಾಲಿನ ಅಡಿಗೆ ಅಂಗೈ ಅಗಲದ ತಟ್ಟೆ, ಕೆಸರಿನಲ್ಲಿ ಹೂತುಹೋಗದ ಹಾಗೆ. ಪ್ರತಿ ಸಲ ಮನೆಗೆ ಬಂದ ಮೇಲೆ ಬಾವಿ ನೀರಿನಲ್ಲಿ ಪೈಪಿನ ಒಳಗಿನ ಮರಳು ಹೋಗುವಂತೆ ತೊಳೆಯಬೇಕು. ಮಾವ ಬೇಡ ಅಂತಲೇ ಹೇಳುತ್ತಿದ್ದಾರೆ. ಅವರ ಮಂಡಿಯ ಎತ್ತರದ ಅಳತೆಯನ್ನು ಅತ್ತೆಯ ಹತ್ತಿರ ತರಿಸಿಕೊಂಡಿದ್ದೇನೆ, ಈ ಸಲದ ರಜೆಯಲ್ಲಿ ಮಾಡಿಸುವುದೇ.